ಕೊನೆಯ ಬಟ್ಟಲಿನ ಹಲಗೆ

ನೀಲಿ ಟೋಪಿಯ ಗಂಡಸು ರಸ್ತೆಯಾಚೆಗೆ ಕೈ ಬೀಸಿದಾಗಲೇ ನಾಗಿಸಾಳ ಎದೆ ಧಸಕ್ಕೆಂದಿತು.

ಆಚೆಯಿಂದ ಒಬ್ಬ ಹೆಂಗಸು ಪುಟ್ಟ ಹುಡುಗಿಯ ಕೈ ಹಿಡಿದುಕೊಂಡು ಓಡಿ ಬಂದಳು. ರೋಪ್‌ವೇಯಲ್ಲಿ ಬೆಟ್ಟ ಹತ್ತಿ, ಗುಡಿ ನೋಡಿ, ಫೋಟೊ ತೆಗೆಸಿಕೊಂಡು ಇಳಿದವರು. ಬಂದವರೇ ನೀಲಿ ಟೋಪಿಯವನ ಪಕ್ಕ ಸಾಲಿನಲ್ಲಿ ಸೇರಿಕೊಂಡರು. ಯಾರೂ ತಕರಾರು ಮಾಡಲಿಲ್ಲ. ಜಪಾನಿನ ಈ ಕಡಲತೀರದ ಊರು ಒನೊಮಿಚಿಯಲ್ಲಿ ಇದು ಮಾಮೂಲು. ಮನೆಯವರಲ್ಲಿ ಒಬ್ಬರು ರಾಮೆನ್ ಎಂಬ ನೂಡಲ್ಸ್ ಸೂಪಿನ ಅಂಗಡಿಯ ಮುಂದೆ ಸಾಲು ಹಿಡಿಯುವುದು, ಉಳಿದವರು ಊರು ಸುತ್ತಿ ಬರುವುದು.

ಅದಕ್ಕೇ ಅಜ್ಜನ ಅಂಗಡಿಯ ಸಾಲು ಎಣಿಸಲು ಕಳಿಸುವಾಗ ಅಮ್ಮ ಬೆಳಿಗ್ಗೆ ಒತ್ತಿ ಒತ್ತಿ ಹೇಳಿದ್ದಳು, ತಲೆ ಎಣಿಸಬೇಡ, ಒಬ್ಬೊಬ್ಬರನ್ನೂ ಬಾಯಿಬಿಟ್ಟು ಕೇಳು, ನೀವು ಎಷ್ಟು ಜನ ಅಂತ.

ನಾಗಿಸಾ ಕೇಳಿರಲಿಲ್ಲ. ಮನೆಯಲ್ಲಿ ಅವಳ ಬಾಯಿ ಹಿಡಿಯುವವರಿಲ್ಲ. ಆದರೆ ಗುರುತಿಲ್ಲದವರ ಮುಂದೆ ನಿಂತರೆ ಸಾಕು, ನಾಲಿಗೆಗೆ ಬೀಗ ಬೀಳುತ್ತದೆ. ಅವಳು ಸಾಲಿನ ಪಕ್ಕದಲ್ಲಿ ತಲೆ ತಗ್ಗಿಸಿಕೊಂಡು ನಡೆದು, ಸುಮ್ಮನೆ ತಲೆ ಎಣಿಸಿ ಬಂದಿದ್ದಳು.

ಅಜ್ಜ ದಿನಕ್ಕೆ ಒಂದೇ ಹಂಡೆ ಸೂಪು ಕಾಯಿಸುತ್ತಾನೆ. ಸಣ್ಣ ಮೀನು, ಸೋಯಾ ಸಾಸು, ಮೇಲೆ ತೇಲುವ ಹಂದಿ ಕೊಬ್ಬಿನ ತುಣುಕು. ಅದು ಮುಗಿದರೆ ಆ ದಿನದ ಅಂಗಡಿಯೂ ಮುಗಿಯಿತು. ಯಾರಿಗೆ ಕೊನೆಯ ಬಟ್ಟಲು ಸಿಗುತ್ತದೋ ಅವರ ಕೈಗೆ ಒಂದು ಮರದ ಹಲಗೆ ಕೊಡುತ್ತಾರೆ. ‘ಇವತ್ತಿನ ಸೂಪು ಇವರವರೆಗೆ’ ಎಂದು ಅದರ ಮೇಲೆ ಅಜ್ಜನೇ ಕುಂಚದಲ್ಲಿ ಬರೆದಿದ್ದಾನೆ.

ನಾಗಿಸಾ ಆ ಹಲಗೆಯನ್ನು ಒಬ್ಬ ಅಜ್ಜಿಯ ಜೊತೆಗಿದ್ದ ಹುಡುಗನಿಗೆ ಕೊಟ್ಟಿದ್ದಳು. ಅವಳಷ್ಟೇ ವಯಸ್ಸಿನವನು. ಅಜ್ಜಿ ಅವನನ್ನು ಹಯಾತೆ ಎಂದು ಕರೆಯುತ್ತಿದ್ದಳು.

ಈಗ ಸಾಲಿನಲ್ಲಿ ಎರಡು ಬಾಯಿ ಹೆಚ್ಚಾಗಿವೆ. ಅಂದರೆ ಕೊನೆಯ ಇಬ್ಬರಿಗೆ ಸೂಪಿಲ್ಲ. ಕೊನೆಯ ಇಬ್ಬರು ಅಂದರೆ ಹಯಾತೆ ಮತ್ತು ಅವನ ಅಜ್ಜಿ.

ಹೋಗಿ ಹೇಳಬೇಕು. ನಾಗಿಸಾ ಒಂದು ಹೆಜ್ಜೆ ಇಟ್ಟಳು. ಅಲ್ಲೇ ನಿಂತುಬಿಟ್ಟಳು.

ಹಯಾತೆಯೋ, ಹಲಗೆ ಸಿಕ್ಕಿದ್ದೇ ತಡ, ಪೊಲೀಸ್ ಇನ್‌ಸ್ಪೆಕ್ಟರ್ ಆಗಿಬಿಟ್ಟಿದ್ದ. ಯಾರಾದರೂ ಸಾಲಿಗೆ ಬಂದರೆ ಹಲಗೆಯನ್ನು ಎತ್ತಿ ಹಿಡಿದು, “ಸಾರಿ, ನಾವೇ ಲಾಸ್ಟು” ಎನ್ನುತ್ತಿದ್ದ. ಬಂದವರು ಮುಖ ಸಪ್ಪಗೆ ಮಾಡಿಕೊಂಡು ವಾಪಸು ಹೋಗುತ್ತಿದ್ದರು. ರಾಮೆನ್ ತಿನ್ನಬೇಕು ಅಂತ ಈ ಪುಣ್ಯಾತ್ಮ ಬೆಳಿಗ್ಗೆ ತಿಂಡಿಯನ್ನೂ ಮುಟ್ಟಿಲ್ಲ ಎಂದು ಅವನ ಅಜ್ಜಿ ಮುಂದೆ ಸೈಕಲ್ ಹಿಡಿದು ನಿಂತಿದ್ದ ಯುವಕನಿಗೆ ಹೇಳುತ್ತಿದ್ದಳು. ಅದೆಲ್ಲ ನಾಗಿಸಾಳ ಕಿವಿಗೆ ಬೀಳುತ್ತಿತ್ತು.

ಯಾರಾದರೂ ಬೇಸತ್ತು ಸಾಲು ಬಿಟ್ಟು ಹೋಗಬಹುದು ಎಂದು ಅವಳು ಕಾದಳು. ಯಾರೂ ಕದಲಲಿಲ್ಲ. ಎದುರು ದ್ವೀಪದ ದೋಣಿ ಒಮ್ಮೆ ಬಂದು ಹೋಯಿತು, ಇನ್ನೊಮ್ಮೆ ಬಂದು ಹೋಯಿತು. ಪಕ್ಕದ ರಾಮೆನ್ ಅಂಗಡಿಯವರು ಅಂದಿನ ವ್ಯಾಪಾರ ಮುಗಿಯಿತೆಂದು ಬಾಗಿಲ ಪರದೆ ತೆಗೆದು ಒಳಗಿಟ್ಟರು. ಸ್ವಲ್ಪ ಹೊತ್ತಿಗೆ ಮೂಲೆಯ ಅಂಗಡಿಯದೂ ಒಳಗೆ ಹೋಯಿತು. ನಾಗಿಸಾಳಿಗೆ ಅಳು ಬಂತು.

ಕೊನೆಗೆ ಅವಳು ಹಿಂದಿನ ಬಾಗಿಲಿನಿಂದ ಅಡುಗೆಮನೆಗೆ ಓಡಿದಳು. ಅಜ್ಜ ಹಂಡೆಯ ಮುಂದೆ ನಿಂತಿದ್ದ. ಅವಳು ಒಂದೇ ಉಸಿರಿಗೆ ಎಲ್ಲ ಹೇಳಿದಳು. ಬಟ್ಟಲು ಜೋಡಿಸುತ್ತಿದ್ದ ಅಮ್ಮ, ಸ್ವಲ್ಪ ಬಿಸಿನೀರು ಬೆರೆಸಿದರೆ ಎರಡು ಬಟ್ಟಲು ಆಗುತ್ತದೇನೋ ಎಂದಳು. ಅಜ್ಜ ಅವಳನ್ನು ದುರುಗುಟ್ಟಿ ನೋಡಿದ. ಅಮ್ಮ ಆ ಮಾತನ್ನು ಮತ್ತೆ ಎತ್ತಲಿಲ್ಲ.

ಅಜ್ಜ ಸೌಟಿನಿಂದ ಹಂಡೆಯ ತಳ ಮುಟ್ಟಿ ನೋಡಿದ.

“ಹಲಗೆ ಅಂದ್ರೆ ಅಂಗಡಿ ಕೊಟ್ಟ ಮಾತು,” ಎಂದ. “ಕೊಟ್ಟೋಳು ನೀನು. ವಾಪಸ್ ಕೇಳೋಳೂ ನೀನೇ. ನಡಿ, ಹಿಂದೇನೇ ಬರ್ತೀನಿ.”

ನಾಗಿಸಾ ಹೊರಗೆ ಬಂದಳು. ಸಾಲು ಚಿಕ್ಕದಾಗಿತ್ತು. ಹಯಾತೆ ಬಾಗಿಲಿಗೆ ಹತ್ತಿರ ಬಂದಿದ್ದ. ಒಳಗಿನಿಂದ ಬರುವ ಘಮವನ್ನು ಮೂಗು ಅರಳಿಸಿ ಎಳೆದುಕೊಳ್ಳುತ್ತಿದ್ದ.

“ಆ ಹಲಗೆ… ವಾಪಸ್ ಕೊಡಬೇಕು,” ಎಂದಳು. ದನಿ ಅವಳಿಗೇ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದಳು. “ನಿಮಗೆ ಸೂಪ್ ಸಾಲೋದಿಲ್ಲ. ನಾನು ತಪ್ಪಾಗಿ ಎಣಿಸಿದೆ.”

“ಸುಳ್ಳು,” ಎಂದು ಹಯಾತೆ ಹಲಗೆಯನ್ನು ಎದೆಗೆ ಒತ್ತಿಕೊಂಡ. “ಇದರ ಮೇಲೆ ಬರೆದಿದೆ. ನಮ್ಮವರೆಗೂ ಇದೆ ಅಂತ ಬರೆದಿದೆ.”

ಅವನ ಅಜ್ಜಿ ಅವನ ಭುಜದ ಮೇಲೆ ಕೈಯಿಟ್ಟಳು. ಅವಳು ಸಿಟ್ಟಾಗಲಿಲ್ಲ. ನಾಗಿಸಾಳ ಮುಖವನ್ನೇ ನೋಡುತ್ತಾ ಕೇಳಿದಳು, “ನಿಂಗೆ ಯಾವಾಗ ಗೊತ್ತಾಯ್ತು, ಮಗು?”

‘ಈಗ ತಾನೇ’ ಎಂಬ ಮಾತು ನಾಗಿಸಾಳ ನಾಲಿಗೆಯ ತುದಿಗೆ ಬಂದು ಕೂತಿತ್ತು. ಎಷ್ಟು ಸುಲಭದ ಮಾತು! ಅದನ್ನು ಅಂದುಬಿಟ್ಟರೆ ಈ ಅಜ್ಜಿ, ಪರವಾಗಿಲ್ಲ ಬಿಡು, ಎಂದು ತಲೆ ಸವರಿ ಹೋಗುತ್ತಾಳೆ. ಬಾಗಿಲಲ್ಲಿ ನಿಂತ ತನ್ನ ಅಜ್ಜನಿಗೂ ಗೊತ್ತಾಗುವುದಿಲ್ಲ.

“ಆಗಲೇ,” ಎಂದಳು ನಾಗಿಸಾ. “ನೀಲಿ ಟೋಪಿಯವರ ಮನೆಯವರು ಬಂದಾಗಲೇ.”

“ಆಗಲೇ ಹೇಳಿದ್ರೆ ಪಕ್ಕದ ಅಂಗಡಿಗೆ ಹೋಗ್ತಿದ್ವಲ್ಲಮ್ಮ. ಅದು ಆಗ ತೆರೆದಿತ್ತು.”

ಅಷ್ಟೇ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆ ಮೆತ್ತನೆಯ ಮಾತು ನಾಗಿಸಾಳಿಗೆ ಚುರುಕ್ಕೆಂದು ತಾಗಿತು. ಎಣಿಸಿದ್ದು ತಪ್ಪಾಗಿದ್ದು ಸಣ್ಣದು. ಗೊತ್ತಿದ್ದೂ ಸುಮ್ಮನೆ ನಿಂತಿದ್ದಳಲ್ಲ, ಇವರ ಊಟ ತಪ್ಪಿದ್ದು ಅದರಿಂದ.

ಅಜ್ಜ ಮುಂದೆ ಬಂದು, ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ಸೊಂಟದವರೆಗೂ ಬಾಗಿದ. ಮೊದಲು ಆ ಅಜ್ಜಿಗೆ, ಆಮೇಲೆ ಅಷ್ಟೇ ತಗ್ಗಿ ಹಯಾತೆಗೆ. ನಾಗಿಸಾ ಅಜ್ಜನ ಪಕ್ಕ ನಿಂತು ತಾನೂ ಬಾಗಿದಳು. ಹಯಾತೆ ಹಲಗೆಯನ್ನು ಸೈಕಲ್ ಯುವಕನ ಕೈಗೆ ತುರುಕಿ ರಸ್ತೆಯ ಕಡೆ ಮುಖ ತಿರುಗಿಸಿದ. ಕಣ್ಣು ಒರೆಸಿಕೊಳ್ಳುವುದು ಯಾರಿಗೂ ಕಾಣಬಾರದು ಎಂದಿರಬೇಕು. ಎಲ್ಲರಿಗೂ ಕಂಡಿತು.

ಅಜ್ಜ ಒಳಗೆ ಹೋದ. ಒಲೆಯ ಮೇಲೆ ಕೆಲಸವಿತ್ತು. ಅಜ್ಜಿ, ಮೊಮ್ಮಗ ದೋಣಿಕಟ್ಟೆಯ ಕಡೆ ಹೊರಟರು.

ಈ ಹೊತ್ತಿನಲ್ಲಿ ತೆರೆದಿರುವ ರಾಮೆನ್ ಅಂಗಡಿ ಊರಲ್ಲಿ ಇನ್ನೊಂದೇ. ಗುಡಿಯ ಮೆಟ್ಟಿಲ ಬಳಿಯ ಕುಸುಮೊತೊ ಅಂಗಡಿ. ಕುಸುಮೊತೊ ಅಜ್ಜನ ಹತ್ತಿರವೇ ಕೆಲಸ ಕಲಿತು, ಆಮೇಲೆ ಜಗಳ ಮಾಡಿಕೊಂಡು ಸ್ವಂತ ಅಂಗಡಿ ಹಾಕಿದವನು. ಮನೆಯಲ್ಲಿ ಅವನ ಹೆಸರು ಎತ್ತುವ ಹಾಗಿಲ್ಲ. ಆ ಹೊಸಿಲು ತುಳಿಯುವ ಮಾತಂತೂ ದೂರವೇ ಉಳಿಯಿತು.

ನಾಗಿಸಾ ಓಡಿ ಹೋಗಿ ಅಜ್ಜಿಯ ಚೀಲ ಹಿಡಿದಳು. “ನನ್ನ ಜೊತೆ ಬನ್ನಿ. ಬೇಗ ಬನ್ನಿ.”

ರೈಲು ಹಳಿಯ ಗೇಟು ಅವರ ಮುಂದೆಯೇ ಬಿತ್ತು. ಗೂಡ್ಸ್ ಗಾಡಿ ಬಂತು, ಬರುತ್ತಲೇ ಇತ್ತು. ಇವತ್ತೇ ಇಷ್ಟು ಡಬ್ಬಿ ಕಟ್ಟಬೇಕಿತ್ತಾ ಎಂದು ನಾಗಿಸಾ ಹಲ್ಲು ಕಚ್ಚಿದಳು. ಗೇಟು ಎದ್ದಿದ್ದೇ ಓಡಿದಳು. ಮೆಟ್ಟಿಲ ಮೇಲೆ ಬಿಸಿಲು ಕಾಯಿಸುತ್ತಿದ್ದ ಬೆಕ್ಕುಗಳು ಚೆದುರಿದವು. ಹಿಂದೆ ಹಯಾತೆ, ಅವನ ಹಿಂದೆ ಏದುಸಿರು ಬಿಡುತ್ತಾ ಅಜ್ಜಿ.

ಕುಸುಮೊತೊ ಬಾಗಿಲ ಪರದೆಗೆ ಕೈ ಹಾಕಿದ್ದ.

“ತಾಳಿ!” ನಾಗಿಸಾ ಕೂಗಿದಳು. ನಾಲಿಗೆಯ ಬೀಗ ಎಲ್ಲಿ ಹೋಯಿತೋ ಅವಳಿಗೇ ಗೊತ್ತಿಲ್ಲ. “ಇವರಿಬ್ಬರಿಗೆ ರಾಮೆನ್ ಬೇಕು. ನಮ್ಮಂಗಡಿ ಸೂಪು ಮುಗೀತು. ನಾನು ತಪ್ಪಾಗಿ ಹಲಗೆ ಕೊಟ್ಟು ಇವರನ್ನ ಕಾಯಿಸಿಬಿಟ್ಟೆ.”

ಕುಸುಮೊತೊ ಅವಳನ್ನು ಮೇಲಿನಿಂದ ಕೆಳಗೆ ನೋಡಿದ. “ಆ ಮುದುಕನ ಮೊಮ್ಮಗಳಲ್ವಾ ನೀನು?”

“ಹೌದು.”

“ನೀನಿಲ್ಲಿಗೆ ಬಂದಿದ್ದು ಅವರಿಗೆ ಗೊತ್ತಾ?”

“ಇಲ್ಲ.”

ಅವನು ಏನೋ ಗೊಣಗಿದ. ಆದರೆ ಪರದೆ ಬಿಟ್ಟು ಪಕ್ಕಕ್ಕೆ ಸರಿದ. ಹಯಾತೆ ಮೊದಲು ನುಗ್ಗಿದ.

ನಾಗಿಸಾ ಒಳಗೆ ಕೂರಲಿಲ್ಲ. ಹೊಸಿಲಾಚೆ ನಿಂತು ನೋಡಿದಳು. ಹಯಾತೆ ಬಟ್ಟಲಿಗೆ ಮುಖವಿಟ್ಟವನು ಮೇಲೆತ್ತಲೇ ಇಲ್ಲ. ಸೊರ್ ಸೊರ್ ಎಂದು ಎಳೆದು ಎಳೆದು ತಿಂದ. ಕೊನೆಗೆ ಬಟ್ಟಲನ್ನೇ ಎತ್ತಿ ಕುಡಿದ. ಅವಳ ಕಡೆ ಒಮ್ಮೆ ನೋಡಿದ, ನಗಲಿಲ್ಲ. ಅವನಿಗೆ ಇನ್ನೂ ಸಿಟ್ಟಿತ್ತು. ಇರಲಿ ಎಂದುಕೊಂಡಳು ನಾಗಿಸಾ.

ಅವಳು ದಾರಿಯಲ್ಲಿ ಎಲ್ಲೂ ನಿಲ್ಲದೆ ಮೆಟ್ಟಿಲಿಳಿದು ಅಂಗಡಿಗೆ ಓಡಿದಳು. ಅಜ್ಜ ಖಾಲಿ ಹಂಡೆಯೊಳಗೆ ತಲೆ ಹಾಕಿ ಉಜ್ಜುತ್ತಿದ್ದ. ರಾತ್ರಿ ಊಟ ಆದ ಮೇಲೆ ಹೇಳಬಹುದು, ಅಮ್ಮ ಜೊತೆಗಿದ್ದಾಗ ಹೇಳಬಹುದು ಎಂದು ಮನಸ್ಸು ಒಂದು ಗಳಿಗೆ ಎಳೆಯಿತು. ನಾಗಿಸಾ ಅವನು ತಿರುಗುವವರೆಗೂ ಕಾಯಲಿಲ್ಲ.

“ಅಜ್ಜಾ, ಅವರನ್ನ ಕುಸುಮೊತೊ ಅಂಗಡಿಗೆ ಕರ್ಕೊಂಡು ಹೋಗಿದ್ದೆ.”

ಉಜ್ಜುತ್ತಿದ್ದ ಕೈ ನಿಂತಿತು. ಹಂಡೆಯೊಳಗಿನಿಂದಲೇ ಅಜ್ಜನ ದನಿ ಬಂತು. “ಆ ಹುಡುಗ ಸೂಪು ಕುಡಿದನಾ?”

“ಪೂರ್ತಿ,” ಎಂದಳು ನಾಗಿಸಾ. “ಒಂದು ತೊಟ್ಟೂ ಬಿಡಲಿಲ್ಲ.”

ಅಜ್ಜನ ಬ್ರಶ್ ಮತ್ತೆ ಆಡತೊಡಗಿತು. ಆಮೇಲೆ “ಹೂಂ” ಎಂದ. ಅವನಿಗೆ ಬೇಸರವಾಗಿದೆ ಎಂದು ನಾಗಿಸಾಳಿಗೆ ತಿಳಿಯಿತು. ಆದರೂ ಅವಳ ಎದೆ ಹಗುರಾಗಿತ್ತು. ಅವಳು ಗೋಡೆಗೆ ನೇತುಹಾಕಿದ್ದ ಇನ್ನೊಂದು ಬ್ರಶ್ ತೆಗೆದುಕೊಂಡು ಹಂಡೆಯ ಹೊರಗಡೆ ಉಜ್ಜತೊಡಗಿದಳು.