ಬಂದೆ ಅಂದವನು

"ಯಾರೇ ಕರೀಲಿ, ಎದ್ದು ಹೋಗಿ. ಇಲ್ಲಾ, ಬಾಯಿ ಮುಚ್ಕೊಂಡು ಕೂತಿರಿ. ಕೂತ ಜಾಗದಿಂದ ಮಾತ್ರ 'ಬಂದೆ' ಅನ್ನಬೇಡಿ ಸ್ವಾಮಿ."

ರೆಸಾರ್ಟಿನ ಕೋಣೆಯ ಬೀಗದ ಕೈ ಕೊಡುತ್ತ ಅಡುಗೆಯಮ್ಮ ಹೇಳಿದ್ದು ಇಷ್ಟೇ. ಅವಳ ಅಂಗೈ ಒದ್ದೆಯಿತ್ತು. ಬೀಗದ ಕೈಯೂ ಒದ್ದೆಯಾಗಿಯೇ ಬಂತು. ದೋಣಿಯವನು ಮೂರು ಚೀಲಗಳನ್ನು ಮರಳಿನ ಮೇಲೆ ಇಳಿಸಿದವನೇ ದೋಣಿ ತಿರುಗಿಸಿ ಹೊರಟುಹೋಗಿದ್ದ. ಇನ್ನು ನಾಳೆ ಬೆಳಗಿನವರೆಗೆ ಬಂಡೆಗಳ ನಡುವಿನ ಆ ತುಂಡು ತೀರದಲ್ಲಿ ಗಂಡ, ಹೆಂಡತಿ, ಆರು ವರ್ಷದ ಮಗಳು, ಈ ಮುದುಕಿ. ಮತ್ತೆ ಸಮುದ್ರ.

ಹೆಂಡತಿ ಮೊದಲು ನಕ್ಕಳು. "ಅಯ್ಯೋ ಅಮ್ಮಾ, ಹಾಗಾದ್ರೆ ನಾಳೆವರೆಗೆ ಇವರ ಬಾಯಿಗೆ ಬಟ್ಟೆ ತುರುಕಬೇಕು!"

ನಗುವುದಕ್ಕೆ ಕಾರಣವಿತ್ತು. ಅವನು ಲಿಫ್ಟ್ ರಿಪೇರಿಯವನು. ನಲವತ್ತು ಕಟ್ಟಡಗಳ ಲಿಫ್ಟುಗಳು ಅವನ ಸುಪರ್ದಿಯಲ್ಲಿ. ಯಾರೋ ಮೂರನೆಯ ಮಹಡಿಗೂ ನಾಲ್ಕನೆಯ ಮಹಡಿಗೂ ನಡುವೆ ಸಿಕ್ಕಿಕೊಂಡು, ಕತ್ತಲ ಡಬ್ಬಿಯೊಳಗೆ ಬೆವರುತ್ತ ಫೋನು ಮಾಡಿದರೆ, ಇವನು ತಟ್ಟೆಯ ಮುಂದೆ ಕೂತು "ಬಂದೆ ಸಾರ್, ಬಂದೆ, ಗೇಟ್ ಹತ್ರಾನೇ ಇದ್ದೀನಿ" ಎನ್ನುತ್ತಿದ್ದ. ಎಂದವನು ಎರಡನೆಯ ಸಲ ಅನ್ನ ಬಡಿಸಿಕೊಳ್ಳುತ್ತಿದ್ದ. ಜೊತೆಯ ಕೆಲಸದವರು ಅವನಿಗೆ ಬಂದೇರಾಯ ಎಂದೇ ಹೆಸರಿಟ್ಟಿದ್ದರು. ಅವನಿಗೂ ಆ ಹೆಸರು ಬಿರುದಿನ ಹಾಗೆ ಒಗ್ಗಿಹೋಗಿತ್ತು. "ಒಳಗೆ ಸಿಕ್ಕಿಕೊಂಡೋರಿಗೆ ಬೇಕಾಗೋದು ಧೈರ್ಯ. ಬಂದೆ ಅಂದ್ರೆ ಧೈರ್ಯ ಬರುತ್ತೆ. ಅರ್ಧ ರಿಪೇರಿ ಅಲ್ಲೇ ಆಯ್ತು," ಎನ್ನುವುದು ಅವನ ಶಾಸ್ತ್ರ.

ನಮ್ಮ ನುಡಿಯ ಸೋಜಿಗವನ್ನು ನೋಡಿ. ಯಾರಾದರೂ ಕರೆದರೆ ನಾವು 'ಬರುತ್ತೇನೆ' ಎನ್ನುವುದಿಲ್ಲ, 'ಬಂದೆ' ಎನ್ನುತ್ತೇವೆ. ಕಾಲು ಏಳುವ ಮೊದಲೇ ನಾಲಿಗೆ ಹೋಗಿ ಮುಟ್ಟಿರುತ್ತದೆ. ಹಿಂದಿನವರು ಆ ಮಾತು ಕಟ್ಟಿದ್ದು, ಆಡುವವನು ಆಗಲೇ ಎದ್ದಿರುತ್ತಾನೆಂಬ ನಂಬಿಕೆಯ ಮೇಲೆ. ಆಡಿದ ಮಾತನ್ನು ದೇವರು ಕೇಳಿಸಿಕೊಳ್ಳುತ್ತಾನೆ ಎಂದು ನಾವು ಹೇಳಿಕೊಳ್ಳುತ್ತೇವೆ. ದೇವರೊಬ್ಬನೇ ಕೇಳಿಸಿಕೊಳ್ಳುತ್ತಾನೆ ಎಂದು ಹೇಳಿದವರು ಯಾರು?

"ಅಂದ್ರೆ ಏನಾಗುತ್ತೆ?" ಬಂದೇರಾಯ ಕೇಳಿದ.

ಮುದುಕಿ ಸೆರಗಿನಲ್ಲಿ ಕೈ ಒರೆಸಿಕೊಂಡಳು. ಎಷ್ಟು ಒರೆಸಿದರೂ ಆ ಕೈ ಒಣಗಲಿಲ್ಲ. "ಈ ಜಾಗ ಕಟ್ಟಿಸಿದ ಯಜಮಾನರು ಮುಂದಿನ ಜಗಲಿಯಲ್ಲಿ ಕೂತಿದ್ರು. ಎದುರಿಗೇ ಒಂದು ಹುಡುಗ ಸುಳಿಗೆ ಸಿಕ್ಕಿಕೊಂಡ. 'ಅಣ್ಣಾ, ಬನ್ನಿ' ಅಂತ ಕೂಗಿದ. ಯಜಮಾನರು ಲೋಟ ಕೆಳಗಿಡದೆ 'ಬಂದೆ, ಬಂದೆ' ಅಂದ್ರು. ಏಳಲಿಲ್ಲ. ಹುಡುಗ ಆ ಮಾತು ನಂಬಿಕೊಂಡು ಬಂಡೆ ಹಿಡಿಯೋ ಬದಲು ಇವರ ಕಡೆಗೇ ಕೈ ಚಾಚಿದ." ಅವಳು ಬಗ್ಗಿ ಹೊಸಿಲ ಕಲ್ಲನ್ನು ನೋಡಿದಳು. "ಅವನ ತಾಯಿ ಮಾಟ ಮಾಡಿಸಿದಳು. ಹುಡುಗನ ಒದ್ದೆ ಕೂದಲು, ಯಜಮಾನರ ಹೆಜ್ಜೆಯ ಮಣ್ಣು, ಎರಡನ್ನೂ ಚೊಂಬಿಗೆ ಹಾಕಿ, ಮೇಣದಲ್ಲಿ ಬಾಯಿ ಮುಚ್ಚಿ, ಈ ಹೊಸಿಲ ಕೆಳಗೆ ಹೂತಳು. ಇಲ್ಲಿ ಬಂದೆ ಅಂದೋನು ಬಂದಾಯ್ತು. ಎದ್ದರೂ ಸರಿ, ಏಳದಿದ್ದರೂ ಸರಿ."

"ಯಜಮಾನರು?"

"ನೀರಲ್ಲಿದ್ದಾರೆ."

ಬಂದೇರಾಯ ಗಹಗಹಿಸಿ ನಕ್ಕ. ಕಂಪನಿಯವರು ವರ್ಷದ ಒಳ್ಳೆ ಕೆಲಸಗಾರನೆಂದು ಕೊಟ್ಟ ಬಿಟ್ಟಿ ರಜೆಗೆ ಬಿಟ್ಟಿ ದೆವ್ವವೂ ಸೇರಿದೆಯಲ್ಲ! ಅವನು ಹೊಸಿಲ ಮೇಲೆ ನಿಂತು, ಎರಡು ಕೈಗಳನ್ನೂ ಬಾಯಿಗೆ ತುತ್ತೂರಿಯಂತೆ ಹಿಡಿದು, ಸಮುದ್ರದ ಕಡೆಗೆ ಕೂಗಿದ: "ಬಂದೆ ಕಣಪ್ಪೋ! ಬಂದೇ!"

ಒಂದು ಅಲೆ ಬಂದು ಬಡಿಯಬೇಕಾಗಿತ್ತು. ಬಡಿಯಲಿಲ್ಲ. ಮುಂದಿನದು ಬಡಿಯಿತು. ಕಾಲ ಕೆಳಗಿನ ಕಲ್ಲಿನ ಸಂದಿಯಿಂದ ಕರಗಿದ ಮೇಣದ ವಾಸನೆ, ಅದರ ಹಿಂದೆ ಎಷ್ಟೋ ದಿನ ಒಣಗದೆ ಮುದ್ದೆಯಾಗಿ ಬಿದ್ದ ಬಟ್ಟೆಯ ವಾಸನೆ ಎದ್ದು ಬಂತು. ಅಡುಗೆಯಮ್ಮ ಕಿವಿಯ ಮೇಲೆ ಕೈಯಿಟ್ಟುಕೊಂಡು ಅಡುಗೆಮನೆಗೆ ಹೋಗಿಬಿಟ್ಟಳು.

ಊಟವಾಯಿತು. ನಾಲ್ಕು ಗಂಟೆಯ ಹೊತ್ತಿಗೆ ಮೋಡ ಕವಿದು, ಹಾಡುಹಗಲೇ ಕೋಣೆಯೊಳಗೆ ಕತ್ತಲು ತುಂಬಿತು. ಗಾಳಿ ಬಿದ್ದುಹೋಗಿತ್ತು. ಹೆಂಡತಿ ಸ್ನಾನಕ್ಕೆಂದು ಬಚ್ಚಲಿಗೆ ಹೋದಳು. ಮಗಳು ಗುಬ್ಬಿ ಮುಂದಿನ ಮರಳಿನಲ್ಲಿ ಗೂಡು ಕಟ್ಟುತ್ತಿದ್ದಳು. "ನೀರಿನ ಹತ್ರ ಬಿಡಬೇಡಿ, ನೋಡ್ಕೊಳ್ಳಿ," ಎಂದು ಹೆಂಡತಿ ಎರಡು ಸಲ ಹೇಳಿದ್ದಳು. "ನಾನಿಲ್ವೇನೇ," ಎಂದು ಇವನೂ ಎರಡು ಸಲ ಹೇಳಿದ್ದ.

ಆದರೆ ಫೋನು ಸಿಗುತ್ತಿದ್ದದ್ದು ಹಿಂದಿನ ಜಗಲಿಯಲ್ಲಿ ಮಾತ್ರ. ಅಲ್ಲಿಂದ ಸಮುದ್ರ ಕಾಣದು, ಕೇಳಿಸುತ್ತದೆ ಅಷ್ಟೆ. ಬೆತ್ತದ ಕುರ್ಚಿ ಎಳೆದುಕೊಂಡು ಕೂತಿದ್ದೇ ತಡ, ಕರೆ ಬಂತು. ಯಾವುದೋ ಕಟ್ಟಡದಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಲಿಫ್ಟಿನೊಳಗೆ ಸಿಕ್ಕಿಕೊಂಡಿದ್ದರು.

"ಬಂದೆ ಮೇಷ್ಟ್ರೇ, ಕೆಳಗಡೆನೇ ಇದ್ದೀನಿ," ಎಂದ ಬಂದೇರಾಯ, ಕಾಲುಗಳನ್ನು ಜಗಲಿಯ ಕಟ್ಟೆಯ ಮೇಲೆ ಚಾಚಿಕೊಂಡು.

ಆಗಲೇ ಮನೆಯ ಆಚೆ ಬದಿಯಿಂದ ಗುಬ್ಬಿ ಕೂಗಿದಳು. "ಅಪ್ಪಾ! ನೀರು ನನ್ನ ಗೂಡು ತಿಂತಾ ಇದೆ! ಬಾರಪ್ಪಾ!"

"ಬಂದೆ ಗುಬ್ಬೀ, ಬಂದೆ!"

ಏಳಲಿಲ್ಲ. ಜೊತೆಯ ಕೆಲಸದವನಿಗೆ ಫೋನು ಮಾಡಿ ಮೇಷ್ಟ್ರ ಕಡೆ ಕಳಿಸಬೇಕಿತ್ತು. ಅವನೋ ಎತ್ತುತ್ತಿಲ್ಲ. ಮತ್ತೆ ಮಾಡಿದ. ಮಗಳು ಮತ್ತೆ ಕರೆಯಲಿಲ್ಲ. ಸದ್ಯ, ಆಟದಲ್ಲಿ ಮುಳುಗಿರಬೇಕು. ಆಚೆಯಿಂದ ಅವಳ ನಗು ಬಿಟ್ಟು ಬಿಟ್ಟು ಕೇಳಿಬರುತ್ತಿತ್ತು. ಯಾರೊಂದಿಗೋ ಮಾತಾಡುತ್ತಿದ್ದಳು.

"ನಿನ್ನ ಕೈ ಯಾಕೆ ಇಷ್ಟು ತಣ್ಣಗಿದೆ?"

ಗೊಂಬೆಯೊಂದಿಗಿರಬೇಕು ಎಂದುಕೊಂಡ. ಕುರ್ಚಿಯ ಬೆತ್ತ ತೊಡೆಗೆ ಒದ್ದೆಯಾಗಿ ಹತ್ತಿತು. ಬಗ್ಗಿ ನೋಡಿದ. ಕುರ್ಚಿಯ ಕೆಳಗೆ ನೀರು ನಿಂತಿತ್ತು. ಆ ನೀರಿನಿಂದ ಹೆಜ್ಜೆಗಳು ಹೊರಟಿದ್ದವು. ಜಗಲಿ ದಾಟಿ, ನಡುಮನೆಯ ಕತ್ತಲೊಳಗೆ ಸಾಲಾಗಿ. ಎಡಗಾಲಿನ ಗುರುತಿನಲ್ಲಿ ನಾಲ್ಕೇ ಬೆರಳು.

ಬಂದೇರಾಯನ ಎಡಗಾಲಿನ ಕಿರುಬೆರಳು ಹತ್ತು ವರ್ಷದ ಹಿಂದೆಯೇ ಲಿಫ್ಟಿನ ಭಾರದ ಕೆಳಗೆ ಸಿಕ್ಕಿ ಹೋಗಿತ್ತು.

ಅವನು ಎದ್ದು, ಆ ಗುರುತುಗಳ ಮೇಲೆ ಕಾಲಿಡದೆ, ಗೋಡೆ ಸವರುತ್ತ ಒಳಗೆ ನಡೆದ. ಹೆಂಡತಿ ಕಿಟಕಿಯ ಮುಂದೆ ನಿಂತು ಕೂದಲು ಒರೆಸಿಕೊಳ್ಳುತ್ತಿದ್ದಳು. ಸೋಪಿನ ವಾಸನೆ. ಅವಳ ಮುಖದಲ್ಲಿ ಎಂದೂ ಇಲ್ಲದ ಒಂದು ತೃಪ್ತಿ. ಹೆಜ್ಜೆ ಸಪ್ಪಳಕ್ಕೆ ತಿರುಗಿದಳು. ಟವೆಲ್ಲು ಕೈಯಿಂದ ಜಾರಿತು.

"ರೀ... ನೀವು ಇಲ್ಲಿ..."

"ಏನೇ?"

ಅವಳು ಬೆರಳು ತೋರಿಸಿದಳು. ಅವನು ನೋಡಿದ.

ಮೋಡದ ಕೆಳಗೆ ಕಬ್ಬಿಣದ ಬಣ್ಣದ ನೀರು. ನೀರಿನಲ್ಲಿ ಒಬ್ಬ ಗಂಡಸು, ಅವನದೇ ಗೆರೆಯಂಗಿ, ಅವನದೇ ಬಾಗಿದ ಎಡಭುಜ. ಗುಬ್ಬಿಯ ಕೈ ಹಿಡಿದುಕೊಂಡು ಇನ್ನಷ್ಟು ಆಳಕ್ಕೆ ನಡೆಯುತ್ತಿದ್ದ. ನೀರು ಅವನ ಸೊಂಟಕ್ಕೆ ಬಂದಿತ್ತು. ಗುಬ್ಬಿಯ ಕುತ್ತಿಗೆಗೆ.

"ನೀವು ಬಂದೆ ಅಂದ್ರಲ್ಲ," ಹೆಂಡತಿ ಪಿಸುಗುಟ್ಟಿದಳು. "ಅಪ್ಪ ಮಗಳು ಆಡ್ತಾ ಇದ್ದಾರೆ, ಇವತ್ತಾದ್ರೂ ಎದ್ದರಲ್ಲ ಅಂತ ನಾನು ನೋಡ್ತಾ..."

ಅವನು ಓಡಿದ.

ಹೊಸಿಲ ಬಳಿ ಅಡುಗೆಯಮ್ಮ ಮೊಣಕಾಲೂರಿ ಕೂತು, ಕಲ್ಲಿನ ಸಂದಿಗೆ ಚಾಕು ತುರುಕಿ ಮೀಟುತ್ತಿದ್ದಳು. ಉಗುರುಗಳಲ್ಲಿ ರಕ್ತ.

"ತೆಗಿ ಅದನ್ನ! ತೆಗಿಯೇ ಮುದುಕಿ!"

"ಹನ್ನೆರಡು ವರ್ಷದಿಂದ ತೆಗೀತಾನೇ ಇದ್ದೀನಿ," ಅಂದಳು ಅವಳು, ತಲೆ ಎತ್ತದೆ. "ಇಟ್ಟೋಳು ನಾನೇ. ನನಗೇ ಬಿಡ್ತಿಲ್ಲ. ಹೋಗಿ ಸ್ವಾಮಿ. ಅದು ಏನು ಕೇಳಿದ್ರೂ ಬಾಯಿ ಬಿಡಬೇಡಿ. ಬಾಯಿ ಬಿಡಬೇಡಿ!"

ಮರಳು ಕಾಲನ್ನು ಹಿಡಿದು ಎಳೆಯಿತು. ಬಿದ್ದ. ಎದ್ದ. ನೀರು ಐಸಿನಂತೆ ಕಚ್ಚಿತು. ಮೊಣಕಾಲು. ತೊಡೆ. ಸೊಂಟ. ಹಿಂದೆ ಹೆಂಡತಿ ಗುರುತೇ ಸಿಗದ ದನಿಯಲ್ಲಿ ಕಿರುಚುತ್ತ ಬರುತ್ತಿದ್ದಳು. ಮುಂದೆ ಗುಬ್ಬಿಯ ಜಡೆ ತೇಲುತ್ತಿತ್ತು. ಜಡೆ ಮಾತ್ರ. ಕೈ ಹಾಕಿದ. ಸಿಕ್ಕಳು. ಎತ್ತಿದ. ಮಗು ಕೆಮ್ಮಿತು, ಉಪ್ಪುನೀರು ಕಾರಿತು, ಉಸಿರೆಳೆಯಿತು. ಬದುಕಿದ್ದಳು.

ಆ ಇನ್ನೊಬ್ಬ ಕೊಸರಾಡಲಿಲ್ಲ. ಕೈ ಬಿಟ್ಟ. ಇದಕ್ಕೇ ಕಾದಿದ್ದವನಂತೆ ದಾರಿ ಬಿಟ್ಟು ನಿಂತ.

ಹೆಂಡತಿ ಎದೆಮಟ್ಟದ ನೀರಿನಲ್ಲಿ ಕೈ ಚಾಚಿದಳು. ಮಗುವನ್ನು ಅವಳ ತೋಳಿಗೆ ದಾಟಿಸಿದ. ಅವಳು ತೀರದ ಕಡೆ ತಿರುಗಿದಳು. ಆಗ ಅವನ ಬೆನ್ನಿಗೆ, ಕಿವಿಗೆ ಉಸಿರು ತಾಗುವಷ್ಟು ಹತ್ತಿರ, ಮೇಣದ ವಾಸನೆ ಬಂತು.

"ಬಂದೆಯಾ?" ಎಂದು ಕೇಳಿತು ಅವನದೇ ದನಿ.

ಮಗಳು ಬದುಕಿದ್ದಳು. ಬುದ್ಧಿ ಮಗಳ ಮೇಲಿತ್ತು. ನಾಲಿಗೆ ಮಾತ್ರ ತನ್ನ ಹಳೆಯ ಜಾಗದಲ್ಲೇ ಇತ್ತು. ಯಾರಾದರೂ ಕೇಳಿದರೆ, ಕರೆದರೆ, ನಲವತ್ತು ಕಟ್ಟಡಗಳಿಗೆ ಹದಿನೆಂಟು ವರ್ಷ ಕೊಟ್ಟ ಅದೇ ಉತ್ತರ ತಾನಾಗಿ ಉದುರಿತು.

"ಬಂದೆ."

ಅವನ ಜೀವಮಾನದಲ್ಲಿ ನಿಜವಾದ ಬಂದೆ ಅದೊಂದೇ.

"ಹಾಗಾದ್ರೆ ನಾನು ಹೊರಟೆ," ಅಂದಿತು ಅದು.

ಅಲೆಯೊಂದು ತಲೆಯ ಮೇಲೆ ಹಾದುಹೋಯಿತು. ಕಣ್ಣು ಬಿಟ್ಟಾಗ ಕಾಲ ಕೆಳಗೆ ಮರಳಿರಲಿಲ್ಲ. ಎರಡು ಪಾದಗಳನ್ನೂ ಪುಟ್ಟ ಕೈಗಳೆರಡು ಹಿಡಿದುಕೊಂಡಿದ್ದವು. ಯಾವುದೋ ಹುಡುಗನ ಕೈಗಳು. ಅವು ಕೆಳಗೆ ಎಳೆಯಲಿಲ್ಲ, ಮೇಲಕ್ಕೂ ಬಿಡಲಿಲ್ಲ. ನಂಬಿಕೊಂಡವರು ಹಿಡಿಯುವ ಹಾಗೆ ಗಟ್ಟಿಯಾಗಿ ಹಿಡಿದಿದ್ದವು.

ತೀರದಲ್ಲಿ ಅವನ ಹೆಂಡತಿ ಮಗಳನ್ನು ಎದೆಗೊತ್ತಿಕೊಂಡು ಕುಸಿದು ಕೂತಿದ್ದಳು. ನೀರಿನಿಂದ ಒಬ್ಬ ಗಂಡಸು ಎದ್ದು ಬಂದು ಅವಳ ಪಕ್ಕದಲ್ಲಿ ನಿಂತ. ಅವಳು ತಲೆಯೆತ್ತಿ ನೋಡಿದಳು.

"ನೀವೇ ತಾನೆ? ಹೇಳಿ, ನೀವೇ ತಾನೆ?"

"ನಾನೇ ಕಣೇ. ಇನ್ನ್ಯಾರು? ಅದು ಹೋಯ್ತು ಬಿಡು."

ಅವಳು ಅವನ ಭುಜಕ್ಕೆ ಒರಗಿ ಅತ್ತಳು. ಬಂದೇರಾಯ ಕೂಗಿದ. ಬಾಯೊಳಗೆ ನೀರು ನುಗ್ಗಿತು. ಉಗುಳಿ ಮತ್ತೆ ಕೂಗಿದ. ಹೆಂಡತಿಯನ್ನು ಕೂಗಿದ. ಗುಬ್ಬಿಯನ್ನು ಕೂಗಿದ. ಮೂವರೂ ಮರಳು ದಾಟಿ, ಮುಂದಿನ ಜಗಲಿಯ ಮೆಟ್ಟಿಲು ಹತ್ತುತ್ತಿದ್ದರು. ಗುಬ್ಬಿ ಅಮ್ಮನ ಹೆಗಲ ಮೇಲಿಂದ ನೀರಿನತ್ತಲೇ ನೋಡುತ್ತಿದ್ದಳು.

"ಅಮ್ಮಾ, ಅಪ್ಪ ಅಲ್ಲಿದ್ದಾರೆ."

"ಇಲ್ಲೇ ಇದ್ದಾರಲ್ಲ ಮರಿ. ಹೆದರಿದ್ದೀಯ, ಸುಮ್ಮನಿರು." ಆದರೂ ಅವಳು ಒಂದು ಗಳಿಗೆ ನಿಂತು ಕಿವಿಗೊಟ್ಟಳು. "ರೀ, ಯಾರೋ ಕೂಗಿದ ಹಾಗಾಯ್ತು. ಒಂಚೂರು ನೋಡಿ ಬನ್ನಿ."

ಅಡುಗೆಯಮ್ಮ ಹೊಸಿಲಿನಿಂದ ಎದ್ದಳು. ಚಾಕು ಬಿಸುಟು, ಸೀದಾ ನೀರಿನತ್ತ ನಡೆದು, ಮೊಣಕಾಲಮಟ್ಟ ಇಳಿದು ಕೈ ಚಾಚಿ ನಿಂತಳು. ದಿನವೂ ಮಗನಿಗಾಗಿ ಹಾಗೆಯೇ ನಿಲ್ಲುತ್ತಿದ್ದಳೋ ಏನೋ. ಆ ಕೈ ಬಂದೇರಾಯನಿಗೆ ಎಟುಕುವಷ್ಟು ಉದ್ದವಿರಲಿಲ್ಲ.

ಅವನು ಉಳಿದ ಉಸಿರನ್ನೆಲ್ಲ ಕೂಡಿಸಿ ಇನ್ನೊಂದು ಸಲ ಕೂಗಿದ. "ಬನ್ನಿ! ಯಾರಾದ್ರೂ ಬನ್ನಿ!"

ಜಗಲಿಯಲ್ಲಿ ಆ ಗೆರೆಯಂಗಿಯವನು ಕುರ್ಚಿ ಎಳೆದುಕೊಂಡು ಕೂತ. ನಾಲ್ಕು ಬೆರಳಿನ ಎಡಗಾಲನ್ನು ಬಲಗಾಲ ಮೇಲೆ ಹಾಕಿಕೊಂಡು, ಸಮುದ್ರದ ಕಡೆ ಮುಖ ಮಾಡಿ, ಧೈರ್ಯ ಹೇಳುವ ದನಿಯಲ್ಲಿ ಅಂದ:

"ಬಂದೆ, ಬಂದೆ."

ಕೂತಲ್ಲಿಂದ ಏಳಲಿಲ್ಲ.