ಕೈಲಾಸ ಹಿಡಿಸುವಷ್ಟು ಅಗಲ

ನಾಸಿಕದ ಸಾತಪುರ ಸಿಗ್ನಲ್ಲಿನಲ್ಲಿ, ಶಿಫ್ಟ್ ಬಿಟ್ಟು ಹೊರಟ ನೂರಾರು ಬೈಕುಗಳ ನಡುವೆ, ಪಕ್ಕದವನ ಹೆಲ್ಮೆಟ್ ಮೇಲೆ ಕೂತಿದ್ದ ಪುಟ್ಟ ಕ್ಯಾಮೆರಾ ತನ್ನನ್ನೇ ನೋಡುತ್ತಿದೆ ಎಂದು ಮೈತ್ರೇಯಿಗೆ ಖಾತ್ರಿಯಾಯಿತು. ಸಾಲದ್ದಕ್ಕೆ ಅದರ ಕೆಂಪು ದೀಪ ಬೇರೆ ಮಿಟುಕುತ್ತಿತ್ತು.

"ಭಾಯ್‌ಸಾಬ್, ಕ್ಯಾಮೆರಾ ಬಂದ್ ಕೀಜಿಯೇ," ಎಂದಳು. ಹೆಲ್ಮೆಟ್ ಅಲುಗಲಿಲ್ಲ.

"ಹೆಂಗ ನೋಡ್ಲಾಕತ್ತದ ನೋಡು, ಒಂಟಿಕಣ್ಣಿನ ಭೂತ!" ಎಂದು ಕನ್ನಡದಲ್ಲೇ ಬೈದಳು. ನಾಸಿಕದಲ್ಲಿ ಕನ್ನಡದಲ್ಲಿ ಬೈದರೆ ಯಾರಿಗೂ ತಿಳಿಯುವುದಿಲ್ಲ. ಬ್ಯಾಂಕಿನ ವರ್ಗಾವಣೆಯ ಮೇಲೆ ಗುಲ್ಬರ್ಗಾದಿಂದ ಬಂದ ಒಂದೂವರೆ ವರ್ಷದಲ್ಲಿ ಅವಳು ಕಂಡುಕೊಂಡಿದ್ದ ದೊಡ್ಡ ಸುಖ ಅದೊಂದೇ.

ಹೆಲ್ಮೆಟ್ಟಿನ ಗಾಜು ಮೇಲೇರಿತು. ಒಳಗಿದ್ದ ಕಣ್ಣುಗಳು ನಗುತ್ತಿದ್ದವು.

"ಭೂತಕ್ಕ ಕನ್ನಡ ತಿಳೀತದ್ರಿ ಮೇಡಂ. ಮಾತಾಡ್ಲಿಕ್ಕ ಥೋಡಾ ತ್ರಾಸ ಆಗ್ತದ, ಅಷ್ಟೇ."

ಮೈತ್ರೇಯಿಯ ಕಿವಿ ಬಿಸಿಯಾಯಿತು. ಸಿಗ್ನಲ್ ದಾಟಿ ಇಬ್ಬರೂ ಗಾಡಿ ಬದಿಗೆ ನಿಲ್ಲಿಸಿದರು. ಅವನು ಕ್ಯಾಮೆರಾ ಬಿಚ್ಚಿ ಅವಳ ಕೈಗೇ ಕೊಟ್ಟ. ಕೊಂಡು ನಾಲ್ಕೇ ದಿನವಾಗಿತ್ತಂತೆ. ಟೈಮ್ ಲ್ಯಾಪ್ಸ್ ಅನ್ನುವ ಮೋಡ್ ಅವನಿಗೇ ಗೊತ್ತಿಲ್ಲದಂತೆ ಆನ್ ಆಗಿ, ಐದು ಸೆಕೆಂಡಿಗೊಂದು ಫೋಟೋ ತೆಗೆಯುತ್ತಲೇ ಇತ್ತು. ಮುನ್ನೂರು ಫೋಟೋಗಳಲ್ಲಿ ಇನ್ನೂರ ತೊಂಬತ್ತಾರರಲ್ಲೂ ಒಂದೇ ಈರುಳ್ಳಿ ಲಾರಿಯ ಬೆನ್ನು. ಕಡೆಯ ನಾಲ್ಕರಲ್ಲಿ ಮಾತ್ರ ಹುಬ್ಬು ಗಂಟಿಕ್ಕಿದ ಮೈತ್ರೇಯಿ.

"ಡಿಲೀಟ್ ನೀವೇ ಮಾಡ್ರಿ," ಎಂದ. "ನಾ ಮಾಡಿದ್ರ ನಿಮಗ ಭರೋಸಾ ಬರಲ್ಲ."

ಅವಳು ನಾಲ್ಕನ್ನೂ ಅಳಿಸಿದಳು. ಅವನು ಕತ್ತು ಚಾಚಿ ನೋಡಲೂ ಇಲ್ಲ. ಅವಳಿಗೆ ಹಿಡಿಸಿದ್ದು ಅದೇ.

ಅವನ ಹೆಸರು ರವಿಕಾಂತ. ಮನೆತನ ಭಾಲ್ಕಿಯದು, ಹುಟ್ಟಿದ್ದು ಬೆಳೆದದ್ದೆಲ್ಲ ನಾಸಿಕ. ಸಾತಪುರದ ಒಂದು ಕಾರ್ಖಾನೆಯಲ್ಲಿ ಉಕ್ಕಿನ ದಂಡಗಳನ್ನು ಅಳೆಯುವುದು ಅವನ ಕೆಲಸ. ಕೂದಲೆಳೆಯಷ್ಟು ಬಾಗಿದ್ದರೂ ಕೆಂಪು ಬಣ್ಣ ಬಳಿದು ಬದಿಗೆ ತಳ್ಳುತ್ತಿದ್ದ.

ಆಮೇಲೆ ಭಾನುವಾರಗಳು ಬಂದವು; ಕನ್ನಡ ಕಲಿಯುವ ನೆಪದಲ್ಲಿ ಅವನು ಅವಳ ಮನೆಗೆ ಬರತೊಡಗಿದ.

ಮೈತ್ರೇಯಿಯ ಅಪ್ಪ ವಿಶ್ವನಾಥಪ್ಪ ಮಾಸ್ತರಿಗೆ ಕನ್ನಡ ಕಲಿಯುವ ಹುಡುಗ ಸಿಕ್ಕಿದ್ದೇ ಹಬ್ಬ. ಅವನು ಅವರ ಹತ್ತಿರ ಒಂದು ತಾಸು ಓದುತ್ತಿದ್ದ. ಇನ್ನೊಂದು ತಾಸು ಬಾಲ್ಕನಿಯಲ್ಲಿ ಮೈತ್ರೇಯಿಯೊಡನೆ ಕೂತು ಕ್ಯಾಮೆರಾದ ಗುಟ್ಟು ಬಿಡಿಸುತ್ತಿದ್ದ. ಅವಳದು ಬ್ಯಾಂಕಿನವರ ಬುದ್ಧಿ, ಜೊತೆಗೆ ಬಂದ ಪುಸ್ತಕವನ್ನು ಒಂದಕ್ಷರ ಬಿಡದೆ ಓದುವಳು. ಅವನದು ಒತ್ತಿ ನೋಡುವ ಕೈ.

"ಸಿಂಗಲ್ ಅಂದ್ರ ಒಂದು ಸಲ ಒತ್ತಿದ್ರ ಒಂದು ಫೋಟೋ. ಬರ್ಸ್ಟ್ ಅಂದ್ರ ಒಂದೇ ಸೆಕೆಂಡಿಗೆ ಮೂವತ್ತು," ಎಂದು ಓದಿದಳು.

"ಮೂವತ್ತು ಯಾಕ?"

"ಓಡೋದು, ಹಾರೋದು ತೆಗಿಲಾಕ. ಮೂವತ್ತರಾಗ ಒಂದರ ಛಲೋ ಬರ್ತದಲ್ಲ."

ಕ್ಯಾಮೆರಾ ಅವಳತ್ತ ತಿರುಗಿತು. "ನಿಮ್ಮವು ಮೂವತ್ತೂ ಛಲೋ ಬಂದ್ರ ಏನ್ ಮಾಡ್ಲಿ?"

"ಮೆಮೊರಿ ಕಾರ್ಡ್ ದೊಡ್ಡದು ತೊಗೋರಿ," ಎಂದವಳು ಪುಸ್ತಕದಲ್ಲಿ ಮುಖ ಹುದುಗಿಸಿದಳು. ಪುಸ್ತಕ ಅಂಗೈಯಗಲ ಇತ್ತು; ನಗು ಎರಡೂ ಬದಿಗೆ ಚೆಲ್ಲಿತು.

ಐಎಸ್‌ಓ ಕಮ್ಮಿ ಇಟ್ಟರೆ ಚಿತ್ರ ನುಣುಪು, ಏರಿಸಿದರೆ ಕತ್ತಲಲ್ಲೂ ಕಾಣುತ್ತದೆ, ಆದರೆ ರವೆ ಚೆಲ್ಲಿದಂತೆ ಕಾಳುಕಾಳು ಎಂದೆಲ್ಲ ಕಲಿತರು. ಒಂದರಲ್ಲಿ ಮಾತ್ರ ಜಗಳ. ನೋಟದ ಅಗಲಕ್ಕೆ ಬೇರೆ ಬೇರೆ ಅಳತೆಗಳಿದ್ದವು. ವೈಡ್ ಇಟ್ಟರೆ ಕೈ ಚಾಚಿದಷ್ಟೂ ಜಗತ್ತು ಒಳಗೆ ಬರುತ್ತದೆ, ಆದರೆ ಅಂಚಿನ ಗೆರೆಗಳು ಬಿಲ್ಲಿನಂತೆ ಬಾಗುತ್ತವೆ. ಲೀನಿಯರ್ ಇಟ್ಟರೆ ಗೆರೆ ನೆಟ್ಟಗೆ, ಅಂಚು ಕಟ್. ರವಿಕಾಂತ ಲೀನಿಯರ್ ಬಿಟ್ಟು ಕದಲುತ್ತಿರಲಿಲ್ಲ.

"ಬಾಗಿದ್ದು ರಿಜೆಕ್ಟ್, ಮೈತ್ರೇಯಿ. ಮೇರಾ ಹಾಥ್ ಹೀ ನಹೀ ಮಾನ್ತಾ. ಕೈನೇ ಒಪ್ಪಂಗಿಲ್ಲ."

ಆ ನಗುವಿನ ನಡುವೆಯೇ ಮನೆಯಲ್ಲಿ ಒಂದು ಭಯ ಓಡಾಡುತ್ತಿತ್ತು. ಅಪ್ಪನಿಗೆ ಗ್ಲಾಕೋಮಾ. ನೋಟ ಸುತ್ತಲಿಂದ ಮುಚ್ಚುತ್ತ ಬಂದು, ನಡುವೆ ಒಂದು ಸಣ್ಣ ಕಿಂಡಿ ಉಳಿದಿತ್ತು. ಅದೂ ಮುಂದಿನ ದೀಪಾವಳಿಯವರೆಗೆ ಇರುತ್ತದೆಂದು ಹೇಳಲಾಗದು ಎಂದಿದ್ದರು ಡಾಕ್ಟರ್. ಮಳಖೇಡದ ಹತ್ತಿರದ ಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಇತಿಹಾಸ ಕಲಿಸಿದವರು ಅವರು. ಪ್ರತಿ ವರ್ಷ ಅದೇ ಪಾಠ: ನಮ್ಮ ರಾಷ್ಟ್ರಕೂಟರು ಎಲ್ಲೋರಾದಲ್ಲಿ ಒಂದೇ ಬಂಡೆಯನ್ನು ಮೇಲಿನಿಂದ ಕೆಳಕ್ಕೆ ಕೆತ್ತಿ ಕೈಲಾಸ ಮಾಡಿದರು. ಕಲಿಸಿದವರು ಅದನ್ನು ಕಣ್ಣಾರೆ ಕಂಡಿರಲಿಲ್ಲ.

"ಒಮ್ಮೆ ಪೂರಾ ನೋಡ್ಬೇಕವ್ವಾ," ಎಂದಿದ್ದರು. "ಆಮೇಲೆ ಮುಚ್ಚಿದ್ರ ಮುಚ್ಚಲಿ."

ಎರಡು ಸಾವಿರದ ಹದಿನೇಳರ ಡಿಸೆಂಬರಿನ ಒಂದು ಭಾನುವಾರ ಮೂವರೂ ಬಾಡಿಗೆ ಕಾರಿನಲ್ಲಿ ಔರಂಗಾಬಾದಿನ ದಾರಿ ಹಿಡಿದರು. ಯೇವಲಾ ದಾಟಿ, ವೈಜಾಪುರದಲ್ಲಿ ಚಹಾ ಕುಡಿದು, ಎಲ್ಲೋರಾ ಮುಟ್ಟುವಾಗ ಹೊತ್ತು ಏರಿತ್ತು.

ಮೈತ್ರೇಯಿ ಅಂಗಳಕ್ಕೆ ಕಾಲಿಟ್ಟು ಕತ್ತೆತ್ತಿದಳು. ಗುಡ್ಡದ ಹೊಟ್ಟೆಯಲ್ಲಿ ಗುಡಿ. ಕಟ್ಟಿದ್ದಲ್ಲ, ಬಿಡಿಸಿ ತೆಗೆದದ್ದು. ಆನೆಗಳ ಬೆನ್ನಿನ ಮೇಲೆ ನಿಂತ ಅಷ್ಟು ದೊಡ್ಡ ಕಲ್ಲು, ಒಂದು ಉಸಿರು ಒಳಗೆಳೆದು ಇನ್ನೂ ಹೊರಗೆ ಬಿಟ್ಟೇ ಇಲ್ಲವೇನೋ ಅನ್ನುವಂತಿತ್ತು.

ಅಪ್ಪ ಮಾತ್ರ ಆನೆಯೊಂದರ ಕಿವಿ ನೋಡಿದರು. ಕತ್ತು ತಿರುಗಿಸಿ ಕಂಬದ ಒಂದು ಗೇಣು. ಮತ್ತೆ ತಿರುಗಿಸಿ ಬರೀ ಆಕಾಶ.

"ಮ್ಯಾಲಿಂದ ನೋಡಿದ್ರ ಆದೀತು," ಎಂದ ರವಿಕಾಂತ. ಬದಿಯ ಗುಡ್ಡದ ದಾರಿಯಲ್ಲಿ ಅವರ ಕೈಯನ್ನು ತನ್ನ ಹೆಗಲ ಮೇಲಿಟ್ಟುಕೊಂಡು ಒಂದೊಂದೇ ಹೆಜ್ಜೆ ಹತ್ತಿಸಿದ. ಮೇಲಿನಿಂದ ಇಡೀ ಕೈಲಾಸ ಕೆಳಗೆ ಬಿಚ್ಚಿಕೊಂಡಿತ್ತು. ಅಪ್ಪ ಬಹಳ ಹೊತ್ತು ಅತ್ತಿತ್ತ ತಲೆ ಹೊರಳಿಸುತ್ತ ನೋಡಿದರು.

"ತುಂಡು ತುಂಡು ಕಾಣ್ತದವ್ವಾ. ಕೂಡಸ್ಲಾಕ ಆಗವಲ್ದು." ಆಮೇಲೆ, ಮಗಳ ಮನಸ್ಸಿಗೆ ನೋವಾಗಬಾರದೆಂದು ನಕ್ಕರು. "ಇರ್ಲಿ ಬಿಡು. ಬಂದೆನಲ್ಲ."

ಆ ನಗೆಯನ್ನು ಮೈತ್ರೇಯಿಗೆ ನೋಡಲಾಗಲಿಲ್ಲ. ರವಿಕಾಂತ ಕ್ಯಾಮೆರಾ ತೆಗೆದು ಕೆಳಗಿನ ಗುಡಿಯತ್ತ ಹಿಡಿದ. ಹಿಂಬದಿಯ ಪುಟ್ಟ ಪರದೆಯಲ್ಲಿ ಶಿಖರ ಬಂತು, ಆನೆಗಳು ಹೊರಗುಳಿದವು.

ಅವಳು ಪರದೆ ನೋಡಿದಳು. ಅಪ್ಪನ ಕಣ್ಣು ನೋಡಿದಳು. ಅವರ ಕಿಂಡಿ ಎಷ್ಟಿತ್ತೋ ಪರದೆಯೂ ಹೆಚ್ಚುಕಮ್ಮಿ ಅಷ್ಟೇ ಇತ್ತು.

"ರವಿ, ವೈಡ್ ಮಾಡ್ರಿ."

"ಕಂಬ ಬಾಗ್ತಾವ. ಮಾಸ್ತರಿಗೆ ಡೊಂಕು ಕೈಲಾಸ ತೋರ್ಸ್ಲಾ ನಾ?"

"ಬಾಗ್ಲಿ. ಪೂರಾ ಬರ್ಲಿ."

ಅವನ ಹೆಬ್ಬೆರಳು ಒಂದು ಕ್ಷಣ ತಡೆಯಿತು. ಆಮೇಲೆ ಸರಿಯಿತು.

ಪರದೆ ಬಾಯಿ ತೆರೆದಂತಾಯಿತು. ಶಿಖರ, ಅಂಗಳ, ಕಂಬಗಳು, ಆನೆಸಾಲು, ಸುತ್ತಲ ಕಡಿದ ಗೋಡೆ, ಎಲ್ಲ ಒಳಗೆ ಬಂದವು. ಬಿಸಿಲಿಗೆ ಕಲ್ಲು ಬೆಳ್ಳಗೆ ಕಾಣುತ್ತಿತ್ತು. ಅವಳು ಬೆಳಕು ಅರ್ಧ ಇಳಿಸಿರೆಂದಳು, ಐಎಸ್‌ಓ ನೂರಕ್ಕೆ ಇಡಿರೆಂದಳು. ಅವನು ಇಟ್ಟ. ಒತ್ತಿದ. ಅವಳು ದುಪಟ್ಟಾ ತೆಗೆದು ಅಪ್ಪನ ತಲೆಯ ಮೇಲೆ ಹೊದಿಸಿ ಬಿಸಿಲು ಮರೆ ಮಾಡಿದಳು. ರವಿಕಾಂತ ಕ್ಯಾಮೆರಾವನ್ನು ಅವರ ಕಣ್ಣಿನಿಂದ ಒಂದು ಗೇಣು ದೂರ ಹಿಡಿದ.



ದುಪಟ್ಟಾದ ಒಳಗಿಂದ, ತರಗತಿಯಲ್ಲಿ ಹಾಜರಿ ಕರೆಯುವಂಥ ದನಿ ಬಂತು. "ಶಿಖರ ಅದ. ಮೊದಲು ಅದನ್ನೇ ಕಡದಾರ. ಇದು ನಂದಿ ಮಂಟಪ. ಕಂಬ ಎರಡೂ ಅವ. ಆನಿ... ಆನಿ ಎಲ್ಲಾ ಅವ." ಅವರ ಬೆರಳು ಪರದೆಯ ಅಂಚು ಸವರಿತು. "ಎಲ್ಲಾ ಒಂದೇ ಕಲ್ಲು. ನಾ ಹುಡುಗರಿಗೆ ಸುಳ್ಳು ಹೇಳಿಲ್ಲವ್ವಾ."

ಮೈತ್ರೇಯಿ ತಲೆಯೆತ್ತಿದಳು.  ರವಿಕಾಂತನ ಕಣ್ಣು ತುಂಬಿತ್ತು. ಒಂದು ಗೆರೆ ಬಾಗಿದರೆ ಸಹಿಸದವನು ಆ ಡೊಂಕು ಚಿತ್ರವನ್ನು ದೇವರ ಮುಂದೆ ಆರತಿ ಹಿಡಿದಂತೆ ಹಿಡಿದಿದ್ದ. ಇವನ ಮುಂದೆ ತಾನು ಎಷ್ಟು ಸಲ ಪುಸ್ತಕ ಮರೆ ಮಾಡಿಕೊಂಡೆ ಎಂದು ಅವಳಿಗೆ ನಾಚಿಕೆಯಾಯಿತು. ಇವತ್ತು ಕಣ್ಣು ತಗ್ಗಿಸಲಿಲ್ಲ.

ಅವನು ಪಿಸುಗುಟ್ಟಿದ. "ಮೈತ್ರೇಯಿ, ನನಗ ಶಬ್ದ ಕಮ್ಮಿ ಅವ. ಇದ್ದದ್ದರಾಗ ಹೇಳ್ತೀನಿ. ನೀವು ನನಗ ಭಾಳ... ಮ್ಹಣಜೇ, ಅಂದ್ರ... ಎಲ್ಲಕ್ಕಿಂತ ಬೇಕು."

"ನನಗ ಕಣ್ಣು ಕಮ್ಮಿ ತಮ್ಮಾ, ಕಿವಿ ಅಲ್ಲ," ಎಂದಿತು ದುಪಟ್ಟಾ.

ಇಬ್ಬರೂ ಬೆಚ್ಚಿದರು. ಅಪ್ಪ ದುಪಟ್ಟಾ ಸರಿಸಿ ಕೈ ಚಾಚಿದರು. "ಕೊಡು ಇಲ್ಲಿ. ನಿಮ್ಮಿಬ್ರನ್ನ ಒಂದೇ ಸಲ ನೋಡ್ಲಾಕ ಆಗಂಗಿಲ್ಲ ನನಗ. ಅಕಿ ಮುಖ ಸಿಕ್ರ ನೀ ಹೋಗ್ತಿ, ನೀ ಸಿಕ್ರ ಅಕಿ. ನಿಲ್ರಿ ಅಲ್ಲಿ."

ರವಿಕಾಂತ ಹೋಗಿ ನಿಂತ, ಮಧ್ಯೆ ಒಂದು ಮೊಳ ಜಾಗ ಬಿಟ್ಟು. ಅವನು ಅವಳ ಉತ್ತರಕ್ಕೆ ಕಾಯುತ್ತಿದ್ದ, ಕೇಳಲು ಧೈರ್ಯವಿರಲಿಲ್ಲ. ಮೈತ್ರೇಯಿ ಆ ಒಂದು ಮೊಳ ದಾಟಿ ಬಂದಳು. ಅವನ ಅಂಗೈಗೆ ತನ್ನ ಅಂಗೈ ಕೊಟ್ಟಳು.

"ನನಗೂ," ಎಂದಳು, ಅಪ್ಪನಿಗೂ ಕೇಳುವಷ್ಟು ಗಟ್ಟಿಯಾಗಿ.

ಅಪ್ಪ ಕ್ಯಾಮೆರಾ ಎತ್ತಿದರು. ಪರದೆಯ ಮೇಲೆ ಬಾಗಿ ನಿಂತರು. ಗಾಳಿ ಬೀಸಿತು, ಎಲ್ಲೋ ಗಿಣಿಗಳು ಕೂಗಿದವು, ಗುಂಡಿ ಒತ್ತಿದ ಸದ್ದು ಮಾತ್ರ ಬರಲಿಲ್ಲ.

"ಅಪ್ಪಾ, ಒತ್ತು."

"ತಡಿಯವ್ವಾ," ಎಂದರು ಮಾಸ್ತರು. "ಇನ್ನಾ ನೋಡ್ಲಾಕತ್ತೀನಿ."