ಸೊಟ್ಟ ಹಿಡಿಯ ಕಪ್

ಹತ್ತು ಗಂಟೆಯೊಳಗೆ ಕ್ಲಿನಿಕ್ಕಿಗೆ ಉತ್ತರ ಹೇಳಬೇಕಿತ್ತು. ಒಂಬತ್ತೂವರೆಯಾದರೂ ಗಂಡ ಹೆಂಡತಿ ಅಡುಗೆಮನೆಯ ಮೇಜಿನ ಆಚೆ ಈಚೆ ಮುಖ ಊದಿಸಿಕೊಂಡು ಕೂತಿದ್ದರು.

ವಿಷಯ ಇಷ್ಟೇ. ಲ್ಯಾಬಿನಲ್ಲಿ ಅವರ ಎರಡು ಭ್ರೂಣಗಳು ಐದನೇ ದಿನಕ್ಕೆ ಕಾಲಿಟ್ಟಿದ್ದವು. ಇವತ್ತೇ ಒಂದನ್ನು ಅವಳ ಗರ್ಭಕ್ಕೆ ಸೇರಿಸಬಹುದು. ಇಲ್ಲವೇ ಎರಡರಿಂದಲೂ ನಾಲ್ಕಾರು ಜೀವಕೋಶ ತೆಗೆದು ಜೆನೆಟಿಕ್ ಟೆಸ್ಟಿಗೆ ಕಳಿಸಿ, ಭ್ರೂಣಗಳನ್ನು ಫ್ರೀಜ್ ಮಾಡಿಟ್ಟು ಕಾಯಬಹುದು. ಡಾಕ್ಟರಮ್ಮ ಏನನ್ನೂ ಮುಚ್ಚಿಟ್ಟಿರಲಿಲ್ಲ. ಟೆಸ್ಟ್ ಮಾಡಿಸಿದರೆ ಮತ್ತೆ ಗರ್ಭಪಾತವಾಗುವ ಭಯ ಕಡಿಮೆಯಾಗಬಹುದು. ಆದರೆ ಕೋಶ ತೆಗೆಯುವಾಗ ಭ್ರೂಣಕ್ಕೆ ಪೆಟ್ಟಾಗುವ ಸಣ್ಣ ಅಪಾಯವಿದೆ. ಸರಿಯಿರುವುದನ್ನೇ ಸರಿಯಿಲ್ಲವೆಂದು ಟೆಸ್ಟ್ ತೋರಿಸಿದ್ದೂ ಉಂಟು. "ಇರೋದೇ ಎರಡು, ಯೋಚನೆ ಮಾಡಿ," ಎಂದಿದ್ದರು.

ಅವನು ಟೆಸ್ಟ್ ಬೇಕೆಂದ. ಅವಳು ಬೇಡವೆಂದಳು.

"ಪಿಂಗಾಣಿ ಫ್ಯಾಕ್ಟರಿ ಬುದ್ಧಿ ಎಲ್ಲಿ ಹೋಗುತ್ತೆ?" ಎಂದು ರೇಗಿದಳು. "ಇನ್ಸ್‌ಪೆಕ್ಟ್ರಿಗೆ ಮಗು ಮೇಲೂ ಪಾಸ್ ಸ್ಟಿಕ್ಕರ್ ಬೇಕು!"

ಅವನ ಕೆಲಸವೇ ಅದು. ಸಾಲಾಗಿ ಬರುವ ಕಪ್‌ಗಳನ್ನು ಬೆಳಕಿಗೆ ಹಿಡಿದು, ಬೆರಳಿನಿಂದ ತಟ್ಟಿ ನೋಡಿ, ಊನವಿದ್ದದ್ದನ್ನು ಬದಿಗಿಡುವುದು. ಹಾಗೆ ಬದಿಗಿಟ್ಟದ್ದನ್ನು ಮಾರುವ ಕೌಂಟರಿನಲ್ಲಿ, ಏಳು ವರ್ಷದ ಹಿಂದೆ, ಡ್ರೈವಿಂಗ್ ಸ್ಕೂಲಿನಲ್ಲಿ ಟೀಚರ್ ಆಗಿದ್ದ ಇವಳು ಒಂದು ಸೊಟ್ಟ ಹಿಡಿಯ ಕಪ್ಪನ್ನು ಅವನ ಮೂಗಿನ ಮುಂದೆ ಹಿಡಿದು ಜಗಳ ತೆಗೆದಿದ್ದಳು. "ಇದಕ್ಕೇನ್ರೀ ಆಗಿದೆ? ಯಾಕ್ರೀ ರಿಜೆಕ್ಟ್ ಮಾಡಿದ್ರಿ?" ಅವನು ನಿಯಮ ಹೇಳಹೋಗಿ, ಅವಳ ಕಣ್ಣು ನೋಡಿ, ನಿಯಮವನ್ನೇ ಮರೆತು ನಿಂತಿದ್ದ. ಅಂದಿನಿಂದ ಅವನ ಬಾಯಲ್ಲಿ ಅವಳು ಲಾಯರಮ್ಮ.

ಈಗ ಅವನು ತಲೆ ಎತ್ತಲಿಲ್ಲ. "ಮಗು ಹೇಗಿದ್ರೂ ನಂಗೆ ಸರಿ ಕಣೇ. ಹೋದ ಸಲ ನೀನು ಬಾತ್‌ರೂಮಿನ ನೆಲದ ಮೇಲೆ ಕೂತಿದ್ಯಲ್ಲ... ಏನು ಮಾಡ್ಬೇಕು ಅಂತ ಗೊತ್ತಾಗ್ದೆ ನಾನು ಬಾಗಿಲಲ್ಲೇ ನಿಂತಿದ್ದೆ. ನಿಂಗೆ ಅದು ಮತ್ತೆ ಆಗ್ಬಾರ್ದು. ಅಷ್ಟಕ್ಕೇ ಟೆಸ್ಟ್ ಅಂದಿದ್ದು."

ಅವಳ ಕೋಪ ಎಲ್ಲಿ ಹೋಯಿತೋ! ಇಷ್ಟು ದಿನ ಇವನು ಹೆದರಿದ್ದು ಅವಳಿಗಾಗಿ. ಎದೆ ಡವಡವ ಎಂದಿತು, ಅವತ್ತು ಕೌಂಟರಿನಲ್ಲಿ ಅಂದ ಹಾಗೆಯೇ. ಕುರ್ಚಿ ಎಳೆದುಕೊಂಡು ಅವನ ಪಕ್ಕಕ್ಕೆ ಬಂದಳು.

"ಇನ್ನೊಂದ್ಸಲ ಹಾಗಾದ್ರೆ ಅಳ್ತೀನಿ, ತಡ್ಕೋತೀನಿ. ನೀನು ಬಾಗಿಲಲ್ಲಿ ನಿಲ್ಬಾರ್ದು, ಪಕ್ಕ ಬಂದು ಕೂರ್ಬೇಕು. ಆದ್ರೆ ಚೆನ್ನಾಗಿರೋದನ್ನೇ ನಾವು ಬದಿಗಿಟ್ಟುಬಿಟ್ರೆ? ಅದನ್ನ ತಡ್ಕೊಳೋಕೆ ನನ್ನ ಕೈಲಾಗಲ್ಲ ಕಣೋ."

ಅವತ್ತು ಅವಳು ಕೊಂಡು ತಂದಿದ್ದ ಸೊಟ್ಟ ಹಿಡಿಯ ಕಪ್ ಮೇಜಿನ ಮೇಲಿತ್ತು; ಅವನು ಅದನ್ನು ಹತ್ತಿರಕ್ಕೆ ಎಳೆದುಕೊಂಡ. "ಕೂರ್ತೀನಿ," ಎಂದ. "ನೆಲದ ಮೇಲಾದ್ರೂ ಸರಿ. ಫೋನ್ ಮಾಡು."

ಹತ್ತಕ್ಕೆ ಐದು ನಿಮಿಷ. "ಸಿಸ್ಟರ್, ಟೆಸ್ಟ್ ಬೇಡ. ಇವತ್ತೇ ಬರ್ತೀವಿ!" ಅವಳ ದನಿ ತಾನಾಗಿಯೇ ಏರಿತ್ತು.

"ಹನ್ನೆರಡಕ್ಕೆ ಬನ್ನಿ. ಚೆನ್ನಾಗಿ ನೀರು ಕುಡ್ಕೊಂಡು ಬನ್ನಿ, ಮೂತ್ರಕೋಶ ತುಂಬಿದ್ರೆ ಸ್ಕ್ಯಾನಲ್ಲಿ ಸರಿಯಾಗಿ ಕಾಣುತ್ತೆ."

ಮನೆಯಲ್ಲಿ ಓಡಾಟವೋ ಓಡಾಟ. ಒಂದು ಚಪ್ಪಲಿ ಸಿಕ್ಕರೆ ಇನ್ನೊಂದಿಲ್ಲ, ಫೈಲ್ ನೋಡಿದರೆ ಫ್ರಿಜ್ಜಿನ ಮೇಲೆ. ಅವನು ಸೊಟ್ಟ ಹಿಡಿಯ ಕಪ್ಪನ್ನು ತೊಳೆದು, ಅಭ್ಯಾಸಬಲದಿಂದ ಬೆಳಕಿಗೆ ಎತ್ತಿದ. ಅವಳು ಹುಬ್ಬೇರಿಸಿದಳು.

"ಏನ್ ಇನ್ಸ್‌ಪೆಕ್ಟ್ರೇ, ಪಾಸಾ?"

"ಏಳು ವರ್ಷದಲ್ಲಿ ಒಂದು ಹನಿ ಸೋರಿಲ್ಲ ಲಾಯರಮ್ಮ. ಅವತ್ತು ಫೇಲಾಗಿದ್ದು ನಾನು." ನೀರು ತುಂಬಿ ಅವಳ ಕೈಗಿಟ್ಟ. "ಕುಡಿ, ಲೇಟಾಗುತ್ತೆ."

ಅವಳು ಗಟಗಟ ಕುಡಿದು, ನಗುತ್ತ, ಖಾಲಿ ಕಪ್ಪನ್ನು ಮತ್ತೆ ಅವನ ಮುಂದೆ ಚಾಚಿದಳು.